ಪರವಾಗಿಲ್ಲ ಅಂದವರು ಎಲ್ಲಿ ಮಲಗಿದ್ದರು?

ನಮ್ಮದು ಬೆಂಗಳೂರಿನ ಬನಶಂಕರಿ ಕಡೆ ಒಂದು ಒನ್ ಬಿಎಚ್‌ಕೆ ಮನೆ. ಇರೋ ಒಂದೇ ಬೆಡ್‌ರೂಮು ಹತ್ತಡಿಗೆ ಹನ್ನೊಂದಡಿ. ಅದರಲ್ಲಿ ಒಂದು ಡಬಲ್ ಕಾಟು, ಒಂದು ಬೀರು, ಕಿಟಕಿ ಕೆಳಗೆ ನನ್ನ ಕೆಲಸದ ಟೇಬಲ್ಲು. ಟೇಬಲ್ಲು ನಾಲ್ಕಡಿ ಉದ್ದ, ಎರಡಡಿ ಅಗಲ. ಮಗಳು ಹುಟ್ಟೋ ಮುಂಚೆ ಟೇಪು ಹಿಡ್ಕೊಂಡು ಅಷ್ಟು ಸಲ ಓಡಾಡಿದ್ದೀನಿ, ಈ ಅಳತೆಗಳೆಲ್ಲ ಬಾಯಿಪಾಠ ಆಗಿವೆ.

ಪ್ರಶ್ನೆ ಇದ್ದದ್ದು ಒಂದೇ. ಮಗು ಎಲ್ಲಿ ಮಲಗಬೇಕು?

ಮೊಬೈಲಲ್ಲಿ ಕಾಣೋ ಫೋಟೋಗಳಲ್ಲಿ ಮಗುವಿಗೆ ಅಂತಲೇ ಒಂದು ರೂಮಿರುತ್ತೆ, ಗೋಡೆ ಮೇಲೆ ಮೋಡ, ನಕ್ಷತ್ರ. ನಮ್ಮ ಮನೇಲಿ ಬೇರೆ ರೂಮು ಅಂತ ಉಳಿದಿದ್ದು ಬಾತ್‌ರೂಮ್ ಮಾತ್ರ. ದೊಡ್ಡ ಮನೆಗೆ ಹೋಗೋಣ ಅಂದ್ರೆ ಹೊಸ ಅಡ್ವಾನ್ಸು, ಜತೆಗೆ ಆಸ್ಪತ್ರೆ ಖರ್ಚು ಬೇರೆ. ಬಿಪಿ ಇದ್ದದ್ದರಿಂದ ಹೆಂಡತಿ ತವರಿಗೆ ಹೋಗೋ ಹಾಗಿರಲಿಲ್ಲ. ಹಾಗಾಗಿ ಬಾಣಂತನಕ್ಕೆ ದಾವಣಗೆರೆಯಿಂದ ಅತ್ತೆಯೇ ಇಲ್ಲಿಗೆ ಬಂದರು. ನನ್ನ ಟೇಪು, ಲೆಕ್ಕಾಚಾರ ಎಲ್ಲ ನೋಡಿ ನಕ್ಕರು. "ಮಗೀಗೆ ಬ್ಯಾರೆ ಜಾಗ ಯಾಕ್ರೀ, ಅದೇನು ಬಾಡಿಗೆ ಕೊಡ್ತೈತಾ?"

ಅತ್ತೆ ಮನಸ್ಸಲ್ಲಿದ್ದದ್ದು ತೊಟ್ಟಿಲು. ಅವರ ಕಡೆ ಒಳ್ಳೆ ತೊಟ್ಟಿಲು ಅಂದ್ರೆ ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು. ಅದಿಲ್ಲದಿದ್ರೂ ತೊಲೆಗೆ ಹಗ್ಗ ಬಿಗಿದು ಹಳೇ ಸೀರೆ ಕಟ್ಟಿದ್ರೆ ಜೋಲಿ. ಆದರೆ ನಮ್ಮ ಮನೆಯ ಸೂರಿಗೆ ತೊಲೆಯೂ ಇಲ್ಲ, ಕೊಂಡಿಯೂ ಇಲ್ಲ. ಮೊಳೆ ಹೊಡೆಯೋಕೂ ಓನರ್ ಒಪ್ಪಲ್ಲ.

ಮಕ್ಕಳ ಡಾಕ್ಟರು ಹೇಳಿದ್ದು ಬೇರೆ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಮಗು ಅಂಗಾತ ಮಲಗಬೇಕು, ದಿಂಬು ರಜಾಯಿ ಯಾವುದೂ ಬೇಡ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2022ರ ಸಲಹೆಯಲ್ಲಿ ಇದನ್ನೇ ಹೇಳುತ್ತೆ. ಮಗು ಕನಿಷ್ಠ ಆರು ತಿಂಗಳು ಅಪ್ಪ ಅಮ್ಮನ ರೂಮಲ್ಲೇ ಇರಲಿ, ಆದರೆ ಅದರ ಹಾಸಿಗೆ ಬೇರೆ ಇರಲಿ ಅನ್ನುತ್ತೆ. ಜೇಮ್ಸ್ ಮೆಕೆನ್ನಾ ಅನ್ನೋ ಮಾನವಶಾಸ್ತ್ರಜ್ಞರ ವಾದ ಬೇರೆ. ಹಾಲುಣಿಸೋ ತಾಯಿ, ಮಗು ಜತೆಗೆ ಮಲಗೋದು ಮನುಷ್ಯರ ಹಳೇ ರೂಢಿ, ಅದನ್ನ ಸುಮ್ಮನೆ ಅಪಾಯ ಅಂತ ತಳ್ಳಿಹಾಕಬಾರದು ಅಂತಾರೆ ಅವರು. ನಾನು ಎರಡನ್ನೂ ಓದಿದೆ. ಎರಡೂ ಕಡೆಯವರು ಒಪ್ಪೋದು ಒಂದು ಮಾತನ್ನ: ಮಗು ತಾಯಿಗೆ ಹತ್ತಿರ ಇರಬೇಕು. ನನ್ನ ಟೇಬಲ್ಲು ಎಲ್ಲಿರಬೇಕು ಅಂತ ಮಾತ್ರ ಯಾರೂ ಬರೆದಿರಲಿಲ್ಲ.

ಯಾಕಂದ್ರೆ ನಾವು ತಂದ ಪುಟ್ಟ ಮಂಚ ರೂಮಲ್ಲಿ ಹಿಡಿಯೋದು ಒಂದೇ ಕಡೆ, ಟೇಬಲ್ ಇದ್ದ ಜಾಗದಲ್ಲಿ. ಹೆಂಡತಿ ಕೇಳಿದಳು, "ಟೇಬಲ್ ಹೊರಗಿಡೋಣ್ವಾ?" ನಾನು ಅಂದೆ, "ನೋಡೋಣ, ಈ ತಿಂಗಳು ರಿಲೀಸ್ ಇದೆ. ರಾತ್ರಿ ಕಾಲ್ಸ್ ಇರುತ್ತೆ." ಅವಳು ಅಂದಳು, "ಪರವಾಗಿಲ್ಲ ಬಿಡು."

ಹೀಗೆ ಮಗುವಿನ ಮಂಚ ಹಾಲ್‌ಗೆ ಹೋಯ್ತು. ಅತ್ತೆ ಅದರ ಪಕ್ಕ, ಫ್ಯಾನ್ ಕೆಳಗೆ ಚಾಪೆ ಹಾಸ್ಕೊಂಡರು. ಆಪರೇಷನ್ ಆಗಿ ಇಪ್ಪತ್ತು ದಿನವೂ ಆಗಿರದ ನನ್ನ ಹೆಂಡತಿ ರಾತ್ರಿ ಮೂರು ನಾಲ್ಕು ಸಲ ಎದ್ದು, ಗೋಡೆ ಹಿಡ್ಕೊಂಡು ಹಾಲ್‌ಗೆ ಹೋಗಿ, ಹಾಲು ಕೊಟ್ಟು ಬರ್ತಿದ್ದಳು. ನನಗೆ ಎಚ್ಚರ ಆಗದಿರಲಿ ಅಂತ ಬಾಗಿಲು ಮುಚ್ಚಿ ಹೋಗ್ತಿದ್ದಳು. ನನಗೆ ಒಳ್ಳೆ ನಿದ್ದೆ ಬರ್ತಿತ್ತು. ಎಲ್ಲ ಸರಿಯಾಗಿ ಹೊಂದಿಕೊಂಡಿದೆ ಅಂದ್ಕೊಂಡಿದ್ದೆ.

ಒಂದು ರಾತ್ರಿ ನಾಲ್ಕು ಗಂಟೆಗೆ ಬಾತ್‌ರೂಮಿಗೆ ಎದ್ದೆ. ಹಾಲ್‌ನಲ್ಲಿ ಸಣ್ಣ ಲೈಟು. ಸೋಫಾದಲ್ಲಿ ಹೆಂಡತಿ ಕೂತಲ್ಲೇ ನಿದ್ದೆ ಹೋಗಿದ್ದಳು. ಮಗು ಅವಳ ತೋಳಿಂದ ಜಾರಿ, ಸೋಫಾದ ಸಂದಿಯಲ್ಲಿ, ಮುಖ ದಿಂಬಿನ ಕಡೆಗೆ. ಎತ್ತಿಕೊಂಡೆ. ಉಸಿರಾಡ್ತಿದ್ದಳು. ನಡೆದದ್ದು ಅಷ್ಟೇ.

ನನ್ನ ಕೈ ಮಾತ್ರ ಬೆಳಗಿನವರೆಗೆ ನಡುಗ್ತಿತ್ತು. ಯಾಕಂದ್ರೆ ನಾನು ಓದಿದ ಅದೇ ಸಲಹೆಯಲ್ಲಿ ಇದೂ ಇತ್ತು. ಹಾಲು ಕೊಡ್ತಾ ನಿದ್ದೆ ಬರೋ ಸಂಭವ ಇದ್ರೆ ಸೋಫಾಗಿಂತ ದೊಡ್ಡವರ ಹಾಸಿಗೆಯೇ ವಾಸಿ, ಸೋಫಾ ಎಲ್ಲಕ್ಕಿಂತ ಅಪಾಯ. ಮಗುವಿಗೆ ಅತಿ ಸುರಕ್ಷಿತವಾದ ಜಾಗ ಯಾವುದು ಅಂತ ಎರಡು ತಿಂಗಳು ಹುಡುಕಿದ ನಾನು, ಅದನ್ನ ಅತಿ ಅಪಾಯದ ಜಾಗಕ್ಕೆ ಕಳಿಸಿದ್ದೆ. ಕೆಟ್ಟ ಮನಸ್ಸಿಂದ ಅಲ್ಲ. ಹೆಂಡತಿ ಹೇಳಿದ ಒಂದು "ಪರವಾಗಿಲ್ಲ"ವನ್ನ ಹಾಗೇ ನಂಬಿ.

ಆಮೇಲೆ ಈ ಪದದ ಬಗ್ಗೆ ಬಹಳ ಯೋಚನೆ ಮಾಡಿದ್ದೀನಿ. ನಮ್ಮ ಭಾಷೇಲಿ ಇಷ್ಟು ಮೆತ್ತಗಿನ ಪದ ಇನ್ನೊಂದಿಲ್ಲ. ಕಾಲು ತುಳಿದರೂ ಪರವಾಗಿಲ್ಲ, ಕಾಫಿ ತಣ್ಣಗಾದರೂ ಪರವಾಗಿಲ್ಲ. ಆದರೆ ಒಂದು ಮನೆಯೊಳಗೆ ಯಾರು ಇದನ್ನ ಹೆಚ್ಚು ಸಲ ಹೇಳ್ತಾರೆ ಅಂತ ಒಂದು ವಾರ ಲೆಕ್ಕ ಇಟ್ಟು ನೋಡಿ. ನಮ್ಮ ಮನೇಲಿ ನನ್ನ ಪಾಲಿಗೆ ಬಂದದ್ದು ತುಂಬಾ ಕಡಿಮೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಒಬ್ಬನೇ ಮಲಗೋ ಹಾಸಿಗೆಗೆ ಅದು ಸರಿ. ಒಂದೇ ಹಾಸಿಗೇಲಿ ನಾಲ್ಕು ಜನ ಇದ್ದಾಗ ಯಾರು ಚಾಚಬೇಕು, ಯಾರು ಮಡಚಬೇಕು? ಗಾದೆ ಅದನ್ನ ಹೇಳಲ್ಲ. ನನ್ನ ತಲೇಲಿ ಒಂದು ಉತ್ತರ ಗೊತ್ತಿಲ್ಲದ ಹಾಗೇ ಕೂತಿತ್ತು: ಬಾಡಿಗೆ ಕಟ್ಟೋನು ಚಾಚಬಹುದು. ನಾನು ದುಡಿದ್ರೆ ತಾನೇ ಮನೆ ನಡೆಯೋದು, ನಿದ್ದೆ ಮಾಡಿದ್ರೆ ತಾನೇ ದುಡಿಯೋದು? ಹೆಂಡತಿಗೂ ಕೆಲಸ ಇದೆ, ಕಾನೂನಿನ ಪ್ರಕಾರ 26 ವಾರ ಸಂಬಳದ ರಜೆ ಮೇಲಿದ್ದಾಳೆ ಅನ್ನೋದು ಆ ಲೆಕ್ಕದಲ್ಲಿ ಬರಲೇ ಇಲ್ಲ. ರಜೆ ಅಂದ್ರೆ ವಿಶ್ರಾಂತಿ ಅಂದ್ಕೊಂಡಿದ್ದೆ. ಅತ್ತೆ ಅವತ್ತು ನಗ್ತಾ ಕೇಳಿದ್ದು ಇದನ್ನೇ ಅಲ್ವಾ? ಬಾಡಿಗೆ ಕೊಡದವರಿಗೆ ಯಾವ ಜಾಗ?

ಫಿನ್‌ಲ್ಯಾಂಡ್‌ನಲ್ಲಿ 1938ರಿಂದ ಸರ್ಕಾರ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೂ ಬಟ್ಟೆಬರೆ ತುಂಬಿದ ಒಂದು ರಟ್ಟಿನ ಪೆಟ್ಟಿಗೆ ಕೊಡುತ್ತಾ ಬಂದಿದೆ. ಅದರ ತಳಕ್ಕೆ ಪುಟ್ಟ ಹಾಸಿಗೆ ಹಾಕಿದ್ರೆ ಅದೇ ಮಗುವಿನ ಮೊದಲ ಮಂಚ. ಎಷ್ಟೋ ಮಕ್ಕಳು ಆ ಪೆಟ್ಟಿಗೇಲೇ ಮಲಗಿ ಬೆಳೆದಿವೆ. ಅಂದ್ರೆ ಮಗುವಿಗೆ ಬೇಕಾದ ಜಾಗ ಒಂದು ಪೆಟ್ಟಿಗೆಯಷ್ಟು. ನಮ್ಮ ಮನೇಲಿ ಕಡಿಮೆ ಬಿದ್ದಿದ್ದು ಚದರಡಿ ಅಲ್ಲ. ತನ್ನ ಚದರಡಿ ಬಿಟ್ಟುಕೊಡೋ ಮನಸ್ಸು.

ಮಾರನೇ ದಿನ ಟೇಬಲ್ಲನ್ನ ಹಾಲ್‌ಗೆ ಎಳೆದು ಹಾಕಿದೆ. ಮಗುವಿನ ಮಂಚ ನಮ್ಮ ಮಂಚಕ್ಕೆ ಪಕ್ಕ ಬಂತು. ಹೆಂಡತಿ ಕೈ ಚಾಚಿದ್ರೆ ಮಗು. ಹಾಲು ಕುಡಿಸಿದ ಮೇಲೆ ತೇಗಿಸಿ ಮಲಗಿಸೋದು ನನ್ನ ಕೆಲಸ ಆಯ್ತು. ಆಫೀಸಲ್ಲಿ ತೂಕಡಿಸಿದೆ, ಯಾರೂ ಕೆಲಸದಿಂದ ತೆಗೀಲಿಲ್ಲ. ಒಳ್ಳೆ ಅಪ್ಪ ಆದೆ ಅಂತ ಒಳಗೊಳಗೇ ಹೆಮ್ಮೆ.

ಕಥೆ ಇಲ್ಲಿಗೇ ಮುಗಿದಿದ್ರೆ ಚೆನ್ನಾಗಿರ್ತಿತ್ತು.

ಐದು ತಿಂಗಳಾದ ಮೇಲೆ ಅತ್ತೆ ಊರಿಗೆ ಹೊರಟರು. ಯಶವಂತಪುರ ಸ್ಟೇಷನ್‌ನಲ್ಲಿ ರೈಲಿಗೆ ಕಾಯ್ತಾ ಸುಮ್ಮನೆ ಮಾತಿಗೆ ಕೇಳಿದೆ, "ಅತ್ತೆ, ಊರಿಗೆ ಹೋದ ತಕ್ಷಣ ಏನ್ ಮಾಡ್ತೀರಿ?" ಅವರು ನಕ್ಕು, "ಫ್ಯಾನ್ ಕೆಳಗ ಮಲಕ್ಕೊಂಡು ನಿದ್ದಿ ಮಾಡ್ತೀನಿ" ಅಂದರು.

ಒಂದು ಕ್ಷಣ ಅರ್ಥ ಆಗಲಿಲ್ಲ. ಆಮೇಲೆ ಆಯ್ತು. ನಮ್ಮ ಹಾಲ್‌ನಲ್ಲಿ ಇರೋದು ಒಂದೇ ಫ್ಯಾನು. ಅದರ ಕೆಳಗಿನ ಜಾಗದಲ್ಲಿ ನಾನು ಟೇಬಲ್ ತಂದು ಹಾಕಿದ್ದೆ. ಅವತ್ತಿಂದ ಅತ್ತೆಯ ಚಾಪೆ ಅಡುಗೆಮನೆ ಬಾಗಿಲ ಹತ್ತಿರ, ಚಪ್ಪಲಿ ಸ್ಟ್ಯಾಂಡ್ ಪಕ್ಕ ಸರಿದಿತ್ತು. ಏಪ್ರಿಲ್ ಮೇ ಎರಡೂ ಅಲ್ಲೇ ಕಳೆದಿತ್ತು. ದಿನಾ ರಾತ್ರಿ ನೀರು ಕುಡಿಯೋಕೆ ಹೋಗುವಾಗ ಆ ಚಾಪೆ ದಾಟಿ ಹೋಗಿದ್ದೀನಿ. ಟೇಬಲ್ ಎಳೆಯುವಾಗ ಅವರನ್ನ ಒಂದು ಮಾತು ಕೇಳಿದ್ದೆ, ನೆನಪಿದೆ. "ನಿಮಗೆ ತೊಂದ್ರೆ ಆಗಲ್ವಾ ಅತ್ತೆ?" ಅವರು ಏನು ಅಂದಿರಬಹುದು ಅಂತ ಬೇರೆ ಹೇಳಬೇಕಿಲ್ಲ.

ನಾನು ಬಿಟ್ಟುಕೊಟ್ಟೆ ಅಂದ್ಕೊಂಡಿದ್ದ ಜಾಗ ನನ್ನದಾಗಿರಲೇ ಇಲ್ಲ. ಹೆಂಡತಿಯ ಕಷ್ಟವನ್ನ ಅವಳಿಗಿಂತ ಮೆಲ್ಲಗೆ ಮಾತಾಡೋರ ತಲೆಗೆ ದಾಟಿಸಿದ್ದೆ, ಅಷ್ಟೇ. ಚಿಕ್ಕ ಮನೆಗಳಲ್ಲಿ ಹೀಗೇ ಆಗುತ್ತೇನೋ. ಇಕ್ಕಟ್ಟು ಮಾಯ ಆಗಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಸರಿದು, ಕೊನೆಗೆ ಯಾರು ಬಾಯಿ ಬಿಡಲ್ಲವೋ ಅವರ ಹತ್ತಿರ ಹೋಗಿ ನಿಲ್ಲುತ್ತೆ. ಹಾಗಾಗಿ ಮಗು ಎಲ್ಲಿ ಮಲಗಿದೆ ಅಂತ ನೋಡಿದ್ರೆ ಸಾಲದು. ಮಗು ಅಲ್ಲಿ ಮಲಗೋಕೆ ಯಾರು ಎಲ್ಲಿಗೆ ಸರಿದರು ಅಂತಲೂ ನೋಡಬೇಕು.

ಮುಂದಿನ ತಿಂಗಳು ಅತ್ತೆ ಮತ್ತೆ ಬರ್ತಿದ್ದಾರೆ, ಹೆಂಡತಿ ಆಫೀಸಿಗೆ ಹೋಗೋಕೆ ಶುರು ಮಾಡ್ತಾಳೆ. ಟೇಬಲ್ಲನ್ನ ಕೆಳಗಿನ ಮನೆ ಹುಡುಗನಿಗೆ ಕೊಟ್ಟೆ. ಈಗ ಲ್ಯಾಪ್‌ಟಾಪ್ ಅಡುಗೆಮನೆ ಕಟ್ಟೆ ಮೇಲೆ, ಮಿಕ್ಸಿ ಪಕ್ಕ. ಅತ್ತೆ ಬಂದ ದಿನ ಚಾಪೆ ಎಲ್ಲಿ ಹಾಸಲಿ ಅಂತ ಅವರನ್ನೇ ಕೇಳ್ತೀನಿ. ಎಲ್ಲಾದ್ರೂ ಪರವಾಗಿಲ್ಲ ಅಂತಾರೆ.

ಆಗ ಎರಡನೇ ಸಲ ಕೇಳಬೇಕು.