ಇರಿಸಿಕೊಳ್ಳುವ ಅಧಿಕಾರ

ಮನುಷ್ಯನು ತನ್ನ ಬಳಿ ಯಾವುದನ್ನು ಇರಿಸಿಕೊಳ್ಳಬೇಕು, ಯಾವುದನ್ನು ತ್ಯಜಿಸಬೇಕು ಎಂಬ ಪ್ರಶ್ನೆಯು ಬಹು ಪುರಾತನವಾದುದು. ಆದರೆ ಇಂದು ಅದು ಮಠದ ಪ್ರವಚನದಲ್ಲಿ ಏಳುವುದಕ್ಕಿಂತ ಹೆಚ್ಚಾಗಿ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಪೇಟೆಯ ಫೋಟೋ ಸ್ಟುಡಿಯೋಗಳಲ್ಲಿ, ಗಣಕಯಂತ್ರದ ಪರದೆಯ ಮೇಲೆ ಡ್ರೈವಿನ ನೀಲಿ ಪಟ್ಟಿ ಕೆಂಪಾದ ಗಳಿಗೆಯಲ್ಲಿ ಏಳುತ್ತಿದೆ. ಲಗ್ನದ ಸುಗ್ಗಿ ಮುಗಿದಿರುತ್ತದೆ. ಒಂದೊಂದು ಮದುವೆಯ ಸಾವಿರಾರು ಚಿತ್ರಗಳೂ ತಾಸುಗಟ್ಟಲೆಯ ವಿಡಿಯೋಗಳೂ ಒಳಗೆ ತುಂಬಿರುತ್ತವೆ. ಹೊಸ ಕಾರ್ಡನ್ನು ಇಳಿಸಿಕೊಳ್ಳಲು ಸ್ಥಳವಿಲ್ಲ, ಯಂತ್ರವೂ ಮಂದಗತಿಗೆ ಇಳಿದಿದೆ. ಟೆಂಪ್ ಫೈಲುಗಳು, ಹಳೆಯ ವಿಂಡೋಸಿನ ಉಳಿಕೆ, ರೀಸೈಕಲ್ ಬಿನ್ನಿನಲ್ಲಿ ಬಿದ್ದಿರುವುದು, ಒಂದೇ ಆಲ್ಬಮ್ಮಿನ ಎರಡು ಮೂರು ಪ್ರತಿಗಳು, ಇವನ್ನು ತೆಗೆಯುವುದಕ್ಕೆ ತತ್ತ್ವವಿಚಾರವೇನೂ ಬೇಕಿಲ್ಲ. ಇವೆಲ್ಲ ಹೋದ ಬಳಿಕವೂ ಸ್ಥಳ ಸಾಲದಾದಾಗಲೇ ನಿಜವಾದ ಧರ್ಮಸಂಕಟವು ಪ್ರಾರಂಭವಾಗುತ್ತದೆ.

ಶರಣರ ನಾಡಿನಲ್ಲಿ ಈ ಸಂಕಟಕ್ಕೆ ಸಿದ್ಧವಾದ ಒಂದು ಉತ್ತರವಿದೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ಅವನ ಪತ್ನಿ ಲಕ್ಕಮ್ಮನು ಆ ಹೆಚ್ಚಿನ ಅಕ್ಕಿಯನ್ನು ಮನೆಯೊಳಗೆ ಸೇರಗೊಡದೆ, ತಂದಲ್ಲಿಯೇ ಸುರಿದು ಬರಲು ಹೇಳಿದಳು. ನಾಳೆಗೆಂದು ಕೂಡಿಡುವುದು ಆಶೆಯೇ ಹೊರತು ಭಕ್ತಿಯಲ್ಲವೆಂಬ ಆಕೆಯ ನಿಷ್ಠುರತೆಗೆ ಸಮನಾದುದನ್ನು ನಾನು ಬೇರಾವ ಧರ್ಮಕಥೆಯಲ್ಲಿಯೂ ಕಂಡಿಲ್ಲ. ಈ ನಿಯಮದಂತೆ ನಡೆದರೆ ಡ್ರೈವು ಎಂದೂ ತುಂಬದು. ಕೆಲಸ ಮುಗಿದೊಡನೆ ಎಲ್ಲವನ್ನೂ ಅಳಿಸಿಬಿಡಬಹುದು.

ಆದರೆ ಇದೇ ವಿಜಯಪುರ ಜಿಲ್ಲೆಯ ಒಂದು ಚರಿತ್ರೆಯು ನಮ್ಮನ್ನು ತಡೆಯುತ್ತದೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿ ನೆಲೆಸಿದ ಫ. ಗು. ಹಳಕಟ್ಟಿಯವರು ವಚನಗಳನ್ನರಸುತ್ತ ಊರೂರು ಅಲೆದಾಗ, ಅವರಿಗೆ ಅವು ದೊರೆತದ್ದು ಮಠಗಳ ಮತ್ತು ಮನೆಗಳ ಜಗುಲಿಗಳ ಮೇಲೆ, ವಿಭೂತಿ ಹೂವುಗಳಿಂದ ಪೂಜೆಗೊಳ್ಳುತ್ತ, ತಲೆಮಾರುಗಳಿಂದ ಯಾರೂ ಬಿಚ್ಚಿ ಓದದೆ ಇದ್ದ ಓಲೆಗರಿಯ ಕಟ್ಟುಗಳಲ್ಲಿ. ಆ ಮನೆಯವರು ಇಂದಿಗೆ ಬೇಡವಾದುದನ್ನು ಲಕ್ಕಮ್ಮನ ಮಾತಿನಂತೆ ಹೊರಗೆ ಸುರಿದಿದ್ದರೆ, ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರ ಎಷ್ಟು ನುಡಿಗಳು ನಮಗೆ ಉಳಿಯುತ್ತಿದ್ದವು? ಆದರೂ ಆ ಮನೆಯವರ ಇರಿಸಿಕೊಳ್ಳುವಿಕೆಯನ್ನು ಪೂರ್ಣವಾಗಿ ಕೊಂಡಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಏಕೆಂದರೆ ಗೆದ್ದಲಿಗೂ ತೇವಕ್ಕೂ ಬಲಿಯಾಗದೆ ಉಳಿದದ್ದು ಉಳಿಯಿತು, ಅಳಿದದ್ದರ ಹೆಸರನ್ನೂ ನಾವು ಅರಿಯೆವು. ಹಳಕಟ್ಟಿಯವರು ಆ ಕಟ್ಟುಗಳನ್ನು ಬಿಚ್ಚಿದರು, ಪಾಠಗಳನ್ನು ಹೋಲಿಸಿದರು, ಕೈಯಾರೆ ಪ್ರತಿ ಮಾಡಿದರು, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು, ಬಳಿಕ ಸ್ವಂತ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ತನ್ನದನ್ನು ಮಾರಿ ಲೋಕದ್ದನ್ನು ಉಳಿಸಿದ ಈ ಪುರುಷನಲ್ಲಿ ಲಕ್ಕಮ್ಮನ ನಿಯಮವು ಮುರಿಯಲಿಲ್ಲ, ನೆರವೇರಿತು ಎಂದೇ ನನ್ನ ನಂಬಿಕೆ.

ಅಕ್ಕಿಗೂ ನುಡಿಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ನಾನು ಕೂಡಿಟ್ಟ ಅಕ್ಕಿಯು ಇನ್ನೊಬ್ಬನ ಅನ್ನವನ್ನು ಕಸಿಯುತ್ತದೆ. ನಾನು ಕಾದಿಟ್ಟ ನುಡಿಯು, ಅಥವಾ ಚಿತ್ರವು, ಇನ್ನೊಬ್ಬನಿಗೆ ಸಲ್ಲಬೇಕಾದ ಠೇವಣಿಯಾಗಬಲ್ಲುದು. ಮದುವೆಯಾದ ಎಷ್ಟೋ ವರ್ಷಗಳ ಮೇಲೆ ಒಬ್ಬ ಮಗನು ಸ್ಟುಡಿಯೋದ ಮೆಟ್ಟಿಲೇರಿ, “ಅಣ್ಣಾರ, ನಮ್ಮಪ್ಪಾರ ಫೋಟೋ ಒಂದರೆ ಸಿಗತೈತೇನ್ರಿ, ಕಟ್ಟು ಹಾಕಿಸಬೇಕಾಗೈತಿ” ಎಂದು ಕೇಳಿದಾಗ, ಆ ಸಾವಿರ ಚಿತ್ರಗಳ ಹಿಂದಿನ ಸಾಲಿನಲ್ಲೆಲ್ಲೋ ರುಮಾಲು ಸುತ್ತಿ ನಿಂತ ಒಂದೇ ಮುಖವು ಆ ಮನೆಯ ದೇವರಾಗುತ್ತದೆ. ಅದು ಸ್ಟುಡಿಯೋದವನ ಸೊತ್ತಲ್ಲ. ಅಳಿಸುವ ಸ್ವಾತಂತ್ರ್ಯವೂ ಅವನೊಬ್ಬನದಲ್ಲ.

ಹಾಗಾದರೆ ಎಲ್ಲವನ್ನೂ ಇರಿಸಿಕೊಳ್ಳುವುದೇ? ಅದೂ ಸಲ್ಲದು. ಯಂತ್ರದ ಸ್ವಭಾವವನ್ನೇ ನೋಡಿರಿ: ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ನಾವು ಫೈಲನ್ನು ಡಿಲೀಟ್ ಮಾಡಿ ಬಿನ್ನನ್ನು ಬರಿದು ಮಾಡಿದರೂ, ಅಳಿಯುವುದು ಅದು ಎಲ್ಲಿದೆಯೆಂಬ ಸೂಚಿಯಷ್ಟೆ, ಒಳಗಿನ ಬರಹವು, ಅದರ ಮೇಲೆ ಹೊಸದು ಬಂದು ಬೀಳುವವರೆಗೂ ಹಾಗೆಯೇ ಇರುತ್ತದೆ. ಹೀಗಾಗಿ ಯಂತ್ರದ ಲೆಕ್ಕದಲ್ಲಿಯೂ ಕಳೆದುಹೋಗುವುದೆಂದರೆ ಮೊದಲು ಗುರುತು ತಪ್ಪುವುದೇ. ಹೆಸರಿಲ್ಲದ ಫೋಲ್ಡರಿನಲ್ಲಿ, ಯಾರೂ ತೆರೆಯದೆ ತುಂಬಿಟ್ಟ ಚಿತ್ರವು ಅಳಿಯದಿದ್ದರೂ ಅಳಿದಂತೆಯೇ ಸರಿ. ಸ್ಥಳ ಸಾಲದೆಂದು ಮತ್ತೊಂದು ಡಿಸ್ಕನ್ನು ಕೊಂಡು ತರುವವನು, ಓದುವ ಶ್ರಮವನ್ನು ಮುಂದಕ್ಕೆ ತಳ್ಳುತ್ತಾನೆಯೇ ಹೊರತು ರಕ್ಷಣೆಯನ್ನೇನೂ ಮಾಡುವುದಿಲ್ಲ. ಇರಿಸಿಕೊಳ್ಳುವ ಅಧಿಕಾರವು, ಇರುವುದನ್ನು ನೋಡಿ ಅರಿತವನಿಗೆ ಮಾತ್ರ ಸಲ್ಲುತ್ತದೆ.

ಆದುದರಿಂದ ಡ್ರೈವನ್ನು ಬರಿದುಮಾಡುವ ಕಾರ್ಯವನ್ನು ಕಾಯಕವೆಂದೇ ಕೈಗೊಳ್ಳತಕ್ಕದ್ದು. ಒಂದೊಂದು ಮದುವೆಯನ್ನೂ ತೆರೆದು ಕುಳಿತು, ಕಣ್ಣು ಮುಚ್ಚಿದ, ಕೈ ನಡುಗಿದ, ಒಂದೇ ಕ್ಷಣವನ್ನು ಹತ್ತು ಬಾರಿ ಹಿಡಿದ ಚಿತ್ರಗಳನ್ನು ತೆಗೆದು, ಉಳಿದ ಫೋಲ್ಡರಿಗೆ ಊರು, ಮನೆತನ, ಇಸವಿಗಳನ್ನು ಬರೆಯಬೇಕು. ಆ ಮನೆಯವರನ್ನು ಕರೆಸಿ, ಆರಿಸಿದವುಗಳನ್ನು ಅವರ ಪೆನ್ ಡ್ರೈವಿಗೆ ಒಪ್ಪಿಸಿ, ಅವು ತೆರೆಯುವವೋ ಇಲ್ಲವೋ ಎಂಬುದನ್ನು ಅವರೆದುರಿಗೇ ಪರೀಕ್ಷಿಸಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿರಿಸಲು ತಿಳಿಸಿ, ಅವರು ಒಪ್ಪಿದ ಮೇಲೆಯೇ ತನ್ನ ಯಂತ್ರದಿಂದ ಅಳಿಸಬೇಕು.