ತಂತಿಯ ದಪ್ಪ, ವ್ರತದ ಭಾರ

ಶಿವರಾತ್ರಿಯ ದಿನ ನೀರನ್ನೂ ಮುಟ್ಟದವರು ದೊಡ್ಡ ಭಕ್ತರು, ಹಾಲು-ಹಣ್ಣು ತೆಗೆದುಕೊಂಡವರು ಒಂದು ಮೆಟ್ಟಿಲು ಕೆಳಗೆ, ಮಾತ್ರೆ ನುಂಗಬೇಕೆಂದು ಊಟ ಮಾಡಿದವರು ಲೆಕ್ಕಕ್ಕೇ ಇಲ್ಲ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ನಮ್ಮ ಮನೆಗಳು ಒಪ್ಪಿಕೊಂಡು ಬಂದಿರುವ ಶ್ರೇಣಿ ಇದು. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಅಮಾವಾಸ್ಯೆಗೆ ಬರಿಗಾಲಲ್ಲಿ ನಡೆದು ಬಂದವರನ್ನು ನೋಡುವ ಕಣ್ಣೇ ಬೇರೆ, ಬಸ್ಸಿನಿಂದ ಇಳಿದವರನ್ನು ನೋಡುವ ಕಣ್ಣೇ ಬೇರೆ. ಹೀಗೆ ನೋಡುವುದರ ಹಿಂದೆ ಒಂದು ಸಿದ್ಧಾಂತವಿದೆ: ಹೊತ್ತ ಭಾರ ಎಷ್ಟೋ ಭಕ್ತಿ ಅಷ್ಟು. ಈ ಸಿದ್ಧಾಂತ ತಪ್ಪು ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯನ್ನು ಶಾಸ್ತ್ರಗ್ರಂಥಗಳಿಂದ ಮಾತ್ರ ತಂದರೆ ಎದುರು ಸಾಕ್ಷಿಯೂ ಅಲ್ಲೇ ಸಿಗುತ್ತದೆ. ಆದ್ದರಿಂದ ಅಳೆದು ತೋರಿಸಬಹುದಾದ ಒಂದು ಜಾಗಕ್ಕೆ ಹೋಗುತ್ತೇನೆ. ಎಲೆಕ್ಟ್ರಿಕ್ ಗಿಟಾರಿಗೆ ಯಾವ ದಪ್ಪದ ತಂತಿ ಸರಿ ಎಂಬ ಪ್ರಶ್ನೆ ಅದು. ಅಲ್ಲಿಯೂ ಇದೇ ಜಗಳ ಇದೇ ಸ್ವರದಲ್ಲಿ ನಡೆಯುತ್ತದೆ.

ಗಣೇಶೋತ್ಸವದ ರಸಮಂಜರಿ ವೇದಿಕೆಯ ಮೇಲೆ ಗಿಟಾರ್ ಹಿಡಿದವರನ್ನು ಕೇಳಿದರೆ ತಂತಿಯ ಸೆಟ್ಟಿಗೆ ‘ನೈನ್’, ‘ಟೆನ್’, ‘ಇಲೆವೆನ್’ ಎನ್ನುತ್ತಾರೆ. ಅತಿ ತೆಳ್ಳನೆಯ ಒಂದನೆಯ ತಂತಿ ಇಂಚಿನ ಸಾವಿರದಲ್ಲಿ ಎಷ್ಟು ಅಂಶ ಎಂಬುದೇ ಆ ಸಂಖ್ಯೆ. ನೈನ್‌ಗೂ ಟೆನ್‌ಗೂ ನಡುವಿನ ವ್ಯತ್ಯಾಸ ಇಂಚಿನ ಸಾವಿರದ ಒಂದಂಶ, ಅಂದರೆ ಸುಮಾರು 25 ಮೈಕ್ರಾನ್. ತಲೆಗೂದಲಿನ ಅರ್ಧಕ್ಕಿಂತ ಕಡಿಮೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಯಂತ್ರ ಕಟ್ಟಿದ ತಲೆಮಾರಿಗೆ ಈ ಅಳತೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಬೆರಳಿಗೂ ಅದು ತಕ್ಷಣ ಗೊತ್ತಾಗುತ್ತದೆ. ದಪ್ಪ ತಂತಿಯವರು ತಮ್ಮ ನಾದವೇ ನಾದ ಎನ್ನುತ್ತಾರೆ, ತೆಳ್ಳನೆಯ ತಂತಿಯನ್ನು ಸೋಮಾರಿಗಳ ದಾರಿ ಎನ್ನುತ್ತಾರೆ. ಬೆರಳು ಸೀಳಿ ರಕ್ತ ಬಂದರೆ ಅದನ್ನು ಸಾಧನೆಯ ಗುರುತೆಂದು ತೋರಿಸಿಕೊಳ್ಳುವವರೂ ಇದ್ದಾರೆ.

ತಂತಿಯ ನಿಯಮವನ್ನು 1636ರಲ್ಲಿ ಗ್ರಂಥವಾಗಿ ಪ್ರಕಟಿಸಿದವರು ಫ್ರಾನ್ಸಿನ ಒಬ್ಬ ಕ್ರೈಸ್ತ ಸನ್ಯಾಸಿ, ಮೆರ್ಸೆನ್. ಉದ್ದ, ಬಿಗಿತ, ತೂಕ ಈ ಮೂರೂ ಸೇರಿ ಸ್ವರವನ್ನು ನಿರ್ಧರಿಸುತ್ತವೆ. ಗಿಟಾರಿನಲ್ಲಿ ಉದ್ದ ಮೊದಲೇ ಗೊತ್ತು, ಹೆಚ್ಚಿನವುಗಳಲ್ಲಿ ಇಪ್ಪತ್ತೈದೂವರೆ ಇಂಚು. ಸ್ವರವೂ ಗೊತ್ತು, ಒಂದನೆಯ ತಂತಿ ಸೆಕೆಂಡಿಗೆ ಸುಮಾರು 330 ಸಲ ಕಂಪಿಸಬೇಕು. ಹಾಗಾದರೆ ನುಡಿಸುವವರ ಕೈಯಲ್ಲಿ ಉಳಿಯುವುದು ತೂಕವನ್ನು ನಿರ್ಧರಿಸುವ ದಪ್ಪ ಒಂದೇ. ದಪ್ಪ ಆರಿಸಿದ ಮೇಲೆ ಬಿಗಿತ ತಾನೇ ನಿರ್ಧಾರವಾಗುತ್ತದೆ. ನೈನ್ ತಂತಿ ಆ ಸ್ವರಕ್ಕೆ ಬರಲು ಸುಮಾರು 6 ಕಿಲೋ ಎಳೆತ ಬೇಕು, ಟೆನ್‌ಗೆ ಸುಮಾರು 7.4 ಕಿಲೋ. ದಪ್ಪ ತಂತಿಯವರು ಇಲ್ಲಿಗೆ ನಿಲ್ಲಿಸಿ, ನೋಡಿ, ನಮ್ಮ ಭಾರವೇ ಹೆಚ್ಚು ಎನ್ನಬಹುದು. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ತಂತಿಯೊಳಗಿನ ಉಕ್ಕಿನ ಪ್ರತಿಯೊಂದು ಕಣದ ಪಾಲಿಗೆ ಎಷ್ಟು ಭಾರ ಬಂತು ಎಂದು ನೋಡಲು ಒಟ್ಟು ಎಳೆತವನ್ನು ತಂತಿಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಬೇಕು. ಭಾಗಿಸಿದರೆ ದಪ್ಪ ಎಂಬುದು ಸಮೀಕರಣದಿಂದಲೇ ಬಿದ್ದುಹೋಗುತ್ತದೆ. ಒಂದೇ ಉದ್ದದಲ್ಲಿ ಒಂದೇ ಸ್ವರಕ್ಕೆ ಬಂದ ಎರಡು ಬರಿ ಉಕ್ಕಿನ ತಂತಿಗಳು, ಒಂದು ತೆಳ್ಳಗಿರಲಿ ಇನ್ನೊಂದು ದಪ್ಪಗಿರಲಿ, ಒಳಗೆ ಅನುಭವಿಸುವ ಒತ್ತಡ ಸರಿಸಮ: ಚದರ ಮಿಲಿಮೀಟರಿಗೆ ಸುಮಾರು 146 ಕಿಲೋ. ತೆಳ್ಳನೆಯ ತಂತಿಗೆ ಯಾವ ರಿಯಾಯಿತಿಯೂ ಸಿಕ್ಕಿಲ್ಲ. ತನ್ನ ಮೈಗೆ ಎಷ್ಟು ಸಾಧ್ಯವೋ ಅದರಲ್ಲಿ ದಪ್ಪ ತಂತಿ ಕೊಟ್ಟಷ್ಟೇ ಪಾಲನ್ನು ಅದೂ ಕೊಟ್ಟಿದೆ. ಹೊರಗೆ ನಿಂತು ತಕ್ಕಡಿಯಲ್ಲಿ ತೂಗುವವರಿಗೆ ಈ ಸಮಾನತೆ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯ ಮುದುಕಿ ಒಂದು ಹೊತ್ತು ಬಿಟ್ಟದ್ದನ್ನೂ ಇಪ್ಪತ್ತರ ಹುಡುಗ ದಿನವಿಡೀ ನಿರಾಹಾರ ಇದ್ದದ್ದನ್ನೂ ಒಂದೇ ತಕ್ಕಡಿಗೆ ಹಾಕಿದಾಗ ನಾವು ಮಾಡುವ ತಪ್ಪು ಇದೇ.

ಬುದ್ಧನ ಕಾಲದ ಸೋಣನ ಕಥೆ ಬಹಳ ಜನಕ್ಕೆ ಗೊತ್ತು. ಪಾದ ಒಡೆದು ನೆತ್ತರು ಸುರಿಯುವಷ್ಟು ನಡೆದು ತಪಸ್ಸು ಮಾಡಿ, ಫಲ ಕಾಣದೆ ಮನೆಗೆ ಮರಳಲು ಹೊರಟ ಭಿಕ್ಷು ಆತ. ಹಿಂದೆ ವೀಣೆ ನುಡಿಸುತ್ತಿದ್ದವನು. ತಂತಿ ಅತಿ ಬಿಗಿಯಾದಾಗ, ಅತಿ ಸಡಿಲವಾದಾಗ ಅದು ಹೇಗೆ ನುಡಿಯುತ್ತಿತ್ತು ಎಂದು ಬುದ್ಧ ಅವನನ್ನು ಕೇಳುತ್ತಾನೆ. ಇದನ್ನು ‘ಎಲ್ಲದರಲ್ಲೂ ನಡುಹದದಲ್ಲಿರು’ ಎಂಬ ಉಪದೇಶವಾಗಿ ಓದುವ ರೂಢಿಯಿದೆ. ಆ ಓದು ಸಾಲದು. ಒಬ್ಬನೇ ಕೂತು ನುಡಿಸುವವನು ಬಿಗಿ ಹೆಚ್ಚಾಯಿತೆಂದರೆ ಶ್ರುತಿಯನ್ನೇ ಇಳಿಸಿಕೊಳ್ಳಬಹುದು. ಹತ್ತು ಜನರ ಜೊತೆ ನುಡಿಸುವವನಿಗೆ ಶ್ರುತಿ ಎಲ್ಲರದು, ಅದನ್ನು ತನ್ನ ಅನುಕೂಲಕ್ಕೆ ಮುಟ್ಟುವಂತಿಲ್ಲ. ಆಗ ಬದಲಿಸಬಹುದಾದ್ದು ತಂತಿಯನ್ನು ಮಾತ್ರ. ಧರ್ಮದ ವಿಷಯದಲ್ಲಿ ನಾನು ಹಾಕಬಯಸುವ ಗೆರೆಯೂ ಇದೇ. ಸುಳ್ಳಾಡದಿರುವುದು, ಇನ್ನೊಬ್ಬರ ಅನ್ನ ಕಸಿಯದಿರುವುದು, ದುರ್ಬಲರ ಮೇಲೆ ಕೈಮಾಡದಿರುವುದು ಶ್ರುತಿ. ಅದರಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಉಪವಾಸ, ಯಾತ್ರೆ, ಜಪ, ಮೌನ ತಂತಿಗಳು. ಇವೆರಡನ್ನೂ ಅದಲುಬದಲು ಮಾಡಿಕೊಂಡ ಸಮಾಜ ವ್ರತದ ದಪ್ಪಕ್ಕೆ ಕಾವಲು ನಿಲ್ಲುತ್ತದೆ, ಸ್ವರ ತಪ್ಪಿದ್ದನ್ನು ಮಾತ್ರ ಕೇಳಿಸಿಕೊಳ್ಳುವುದೇ ಇಲ್ಲ.

ಒಂದೇ ಗಿಟಾರಿನ ಆರು ತಂತಿಗಳೇ ಒಂದೇ ದಪ್ಪದವಲ್ಲ ಎಂಬುದನ್ನೂ ಮರೆಯಬಾರದು. ಟೆನ್ ಸೆಟ್ಟಿನಲ್ಲಿ ಆರನೆಯದು ಇಂಚಿನ ಸಾವಿರದ 46 ಅಂಶ ದಪ್ಪ. ಆ ಜಾಗಕ್ಕೂ ಒಂದನೆಯ ತಂತಿಯನ್ನೇ ಹಾಕಿ ಎರಡು ಸಪ್ತಕ ಕೆಳಗಿನ ಆರನೆಯದರ ಸ್ವರಕ್ಕೆ ಇಳಿಸಿದರೆ ಎಳೆತ ಹದಿನಾರರಲ್ಲಿ ಒಂದು ಪಾಲಿಗೆ, ಅರ್ಧ ಕಿಲೋಗಿಂತ ಕೆಳಗೆ ಬೀಳುತ್ತದೆ. ತಂತಿ ಜೋಲುತ್ತದೆ, ನುಡಿಯುವುದಿಲ್ಲ. ದಪ್ಪ ಬೇರೆಬೇರೆ ಇರುವುದರಿಂದಲೇ ಬೆರಳಿಗೆ ಆರೂ ಹೆಚ್ಚುಕಡಿಮೆ ಒಂದೇ ಬಿಗಿಯಲ್ಲಿ ಸಿಗುತ್ತವೆ. ಬೇರೆಬೇರೆಯಾಗಿ ಉಳಿದೇ ಒಂದಾಗುವ ಈ ರೀತಿ ಕಲ್ಲಿನಲ್ಲೂ ಇದೆ. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅಲ್ಲಿನ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರು ಎಂಬುದು ಸ್ಥಳಪುರಾಣ. ಇಲ್ಲಿ ಗಮನಿಸಬೇಕಾದ್ದು ಆ ಮೂರ್ತಿ ಏನನ್ನು ಮಾಡಿಲ್ಲ ಎಂಬುದನ್ನು. ಇಬ್ಬರನ್ನೂ ಕಲಸಿ ಸರಾಸರಿ ತೆಗೆದು ಮೂರನೆಯ ದೇವರೊಬ್ಬನನ್ನು ಅದು ಮಾಡಿಲ್ಲ. ಅರ್ಧ ಅರ್ಧವಾಗಿಯೇ, ತಮ್ಮ ತಮ್ಮ ಲಕ್ಷಣದಲ್ಲೇ ಇಬ್ಬರೂ ನಿಂತಿದ್ದಾರೆ.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ‘ನಿನಗೆ ತಕ್ಕಷ್ಟು ಮಾಡು’ ಎಂದರೆ ಎಲ್ಲರೂ ಸುಲಭದ್ದನ್ನೇ ಆರಿಸುವುದಿಲ್ಲವೇ? ಭಾರ ಹೊರದೆ ಭುಜ ಬೆಳೆಯುವುದು ಹೇಗೆ? ಬೆಳೆಯುತ್ತದೆ ಎಂಬುದನ್ನು ಒಪ್ಪುತ್ತೇನೆ. ನೈನ್‌ನಲ್ಲಿ ಕಲಿತ ಕೈ ವರ್ಷ ಕಳೆದ ಮೇಲೆ ಇಲೆವೆನ್ ಹಾಕಿಕೊಳ್ಳಬಹುದು, ಅದರಿಂದ ನಾದ ತುಂಬಿಕೊಳ್ಳಲೂಬಹುದು. ಆದರೆ ತೆಳ್ಳನೆಯ ತಂತಿ ಸುಲಭ ಎಂಬುದು ಪೂರ್ತಿ ನಿಜವಲ್ಲ. ಒರಟು ಕೈ ಅದನ್ನು ಅದುಮಿದರೆ ಸ್ವರ ಮೇಲಕ್ಕೆ ಜಾರುತ್ತದೆ. ದಪ್ಪ ತಂತಿ ಕ್ಷಮಿಸುವ ಒರಟುತನವನ್ನು ಅದು ಕ್ಷಮಿಸುವುದಿಲ್ಲ. ಇನ್ನು ಎಲ್ಲ ಕೈಯೂ ಬೆಳೆಯುವ ಕೈಯಲ್ಲ. ಬರ್ಮಿಂಗ್‌ಹ್ಯಾಮ್‌ನ ಗಿಟಾರ್ ವಾದಕ ಟೋನಿ ಐಯೋಮಿ ಹದಿನೇಳನೆಯ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಅವರು ಎಡಗೈಯವರು, ತಂತಿ ಒತ್ತುವ ಕೈಯೇ ಅದು. ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಬ್ಯಾಂಜೋದ ತೆಳ್ಳನೆಯ ತಂತಿ ಹಾಕಿ ನುಡಿಸಿದರು. ಬ್ಲ್ಯಾಕ್ ಸಬ್ಬತ್ ತಂಡದ ಗುಡುಗಿನಂಥ ನಾದ ಆ ಕೈಯಿಂದಲೇ ಬಂತು. ದಪ್ಪ ತಂತಿಯವರು ಹೆಮ್ಮೆಯಿಂದ ಹೆಸರಿಸುವ ಸ್ಟೀವೀ ರೇ ವಾನ್ ಕೂಡ ‘ತರ್ಟೀನ್’ ತಂತಿಯನ್ನು ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದರು. ಅಷ್ಟಕ್ಕೇ ಎಳೆತ ನೂರಕ್ಕೆ ಹನ್ನೊಂದರಷ್ಟು ಇಳಿಯುತ್ತದೆ. ಇಷ್ಟಾಗಿಯೂ ಬೆರಳಿನ ಚರ್ಮ ಕಿತ್ತುಬಂದು ಅಂಟು ಹಾಕಿಕೊಳ್ಳಬೇಕಾಗುತ್ತಿತ್ತು. ಅವರ ಸಂಗೀತ ದೊಡ್ಡದು. ಆ ಗಾಯ ದೊಡ್ಡದೆಂದು ಸಂಗೀತ ದೊಡ್ಡದಾದದ್ದಲ್ಲ.

ಹಾಗಾದರೆ ತನಗೆ ತಕ್ಕದ್ದು ಯಾವುದೆಂದು ಹೇಳುವವರು ಯಾರು? ಮನುಷ್ಯ ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದರಲ್ಲಿ ಪ್ರವೀಣ ಎಂಬ ಮಾತನ್ನು ತಳ್ಳಿಹಾಕಲಾರೆ. ತಂತಿಯ ವಿಷಯದಲ್ಲಿ ಉತ್ತರ ಸರಳ: ದಪ್ಪ ನನ್ನ ಗುಟ್ಟಾಗಿರಬಹುದು, ಶ್ರುತಿ ಗುಟ್ಟಲ್ಲ. ಪಕ್ಕದಲ್ಲಿ ಹಾಡುವವರಿಗೆ ಅದು ಮೊದಲ ಸ್ವರಕ್ಕೇ ಕೇಳಿಸಿಬಿಡುತ್ತದೆ. ವ್ರತಕ್ಕೂ ಅಂಥ ಕಿವಿಗಳಿವೆ. ಮನೆಯ ಸೊಸೆ, ಅಂಗಡಿಯ ಆಳು, ಸಾಲ ಕೇಳಲು ಬಂದ ನೆರೆಯವರು. ಉಪವಾಸದ ಸಂಜೆ ಇವರ ಮೇಲೆ ಸಿಡುಕುವವರ ತಂತಿ ಅವರ ಕೈಗೆ ಮೀರಿದ ದಪ್ಪದ್ದು. ಏನನ್ನೂ ಬಿಡದೆ, ಯಾರನ್ನೂ ನೆನೆಯದೆ ದಿನ ಕಳೆದವರದು ಜೋಲು ತಂತಿ. ಕೈಗೆ ತಕ್ಕ ತಂತಿಗೆ ಉದಾಹರಣೆಯಾಗಿ ದಾವಣಗೆರೆಯ ಹಳೆಯ ಪೇಟೆಯಲ್ಲಿ ರಂಜಾನ್ ತಿಂಗಳು ಬಂದಾಗ ಅನುಸರಿಸುವ ನಿಯಮವನ್ನೇ ನೋಡಬಹುದು. ಕಾಯಿಲೆಯವರು, ಪ್ರಯಾಣದಲ್ಲಿರುವವರು ರೋಜಾ ಬಿಟ್ಟು ಮುಂದೆ ಬೇರೆ ದಿನಗಳಲ್ಲಿ ತುಂಬಿಕೊಡಬಹುದೆಂದು ಕುರ್‌ಆನ್ ಹೇಳುತ್ತದೆ. ಎಂದೂ ಉಪವಾಸ ಮಾಡಲಾಗದಷ್ಟು ಮುಪ್ಪಾದವರು ಬಿಟ್ಟ ದಿನವೊಂದಕ್ಕೆ ಒಬ್ಬ ಬಡವನಿಗೆ ಊಟ ಕೊಡುತ್ತಾರೆ. ಹಸಿದವನ ನೆನಪು ಉಳಿಯಬೇಕೆಂಬುದು ಆ ತಿಂಗಳ ಶ್ರುತಿಯಾದರೆ, ಹಸಿವಿನಲ್ಲಿದ್ದು ಅದನ್ನು ಮುಟ್ಟಿದವರಿಗೂ ಉಣಿಸಿ ಮುಟ್ಟಿದವರಿಗೂ ನಡುವೆ ಮೇಲುಕೀಳು ಇಡಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.