ಹೇಳದಿರುವುದೂ ಸುಳ್ಳೇ?

ಕೆನಡಾದಲ್ಲಿ ಖಾಯಂ ವಾಸದ ಹಕ್ಕು ಪಡೆದು ಉದ್ಯೋಗ ಹುಡುಕುವವರು ತಮ್ಮ ಬಯೋಡೇಟಾದಲ್ಲಿ ಭಾವಚಿತ್ರ, ವಯಸ್ಸು, ಧರ್ಮ, ವಿವಾಹದ ವಿಷಯ ಬರೆಯುವುದಿಲ್ಲ. ನಮ್ಮಲ್ಲಾದರೋ ತಂದೆಯ ಹೆಸರಿನಿಂದಲೇ ಆರಂಭ! ಇದು ವಂಚನೆಯಲ್ಲ. ಕೆಲಸಕ್ಕೆ ಸಂಬಂಧಿಸದ್ದನ್ನು ಹೇಳದಿರುವುದು ಸುಳ್ಳಾಗದು.

ಕೆನಡಾದ ಅನುಭವವನ್ನೇ ಕಡ್ಡಾಯಗೊಳಿಸುವುದು ಮೇಲ್ನೋಟಕ್ಕೇ ತಾರತಮ್ಯವೆಂದು ಒಂಟಾರಿಯೋ ಮಾನವ ಹಕ್ಕುಗಳ ಆಯೋಗವು 2013ರಲ್ಲೇ ಸಾರಿತು. ಹಾಗೆಂದು ಅನ್ಯಾಯದ ಬೇಡಿಕೆಗೆ ಸುಳ್ಳು ಅನುಭವಪತ್ರ ಉತ್ತರವಾಗಲಾರದು. ಅದನ್ನು ನಂಬಿ ಕೆಲಸ ಒಪ್ಪಿಸುವವನ, ಜೊತೆಗೆ ದುಡಿಯುವವರ ಹಕ್ಕೂ ಅದರಲ್ಲಿದೆ.

ಕಷ್ಟದ ಪ್ರಶ್ನೆ ಬೇರೆಯಿದೆ. ಮನೆ ಬಾಡಿಗೆಗಾಗಿ ಗೋದಾಮಿನ ಕೆಲಸ ಬಯಸುವ ಇಂಜಿನಿಯರ್, 'ಹೆಚ್ಚು ಓದಿದವನು ನಿಲ್ಲಲಾರ' ಎಂಬ ಶಂಕೆಗೆ ಅಂಜಿ ತನ್ನ ಪದವಿಯನ್ನು ಬಿಟ್ಟು ಬರೆಯಬಹುದೇ? ಬರೆಯಬಹುದೆಂದೇ ನನ್ನ ಅಭಿಪ್ರಾಯ. ಪೆಟ್ಟಿಗೆ ಎತ್ತಲು ಪದವಿ ಬೇಕಿಲ್ಲವಷ್ಟೆ. ಆದರೆ ಸಂದರ್ಶನದಲ್ಲಿ 'ಎಷ್ಟು ಓದಿದ್ದೀರಿ?' ಎಂದು ನೇರವಾಗಿ ಕೇಳಿದರೆ, ಕೆಲಸ ಕೈತಪ್ಪಿದರೂ, ಇದ್ದದ್ದನ್ನೇ ಹೇಳಬೇಕು.